ಮಾರಿ ನೋಡಿ ಮಾತು

(ದತ್ತಿ ಉಪನ್ಯಾಸದ ಲಿಖಿತ ರೂಪ)



ಮುಖಕ್ಕೆ ಇಂಗ್ಲಿಷಿನಲ್ಲಿರುವ ಮಾತುಗಳು ಮನುಷ್ಯನ ಸ್ವಭಾವದ ಬಗ್ಗೆ ಏನು ಹೇಳುತ್ತವೆ ಎಂಬ ವಿಷಯ ಕೊಟ್ಟಿದ್ದೀರಿ. ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದವನಿಗೆ ಇದು ಸಲೀಸಾದ ವಿಷಯ ಎಂದು ನೀವು ಲೆಕ್ಕ ಹಾಕಿರಬೇಕು. ನಾನು ಒಪ್ಪಿಕೊಂಡದ್ದು ಮಾತ್ರ ಬೇರೆ ಆಸೆಗೆ. ಮುಖ ನೋಡಿ ಮನುಷ್ಯನನ್ನು ಅಳೆಯುವ ವಿದ್ಯೆ ದಿನಬೆಳಗಾದರೆ ನಡೆಯುವ ಊರುಗಳು ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು. ಜಹೀರಾಬಾದಿನ ಯಾವ ಕಿರಾಣಿ ಅಂಗಡಿಗಾದರೂ ಹೋಗಿ ಒಂದು ಮಗ್ಗುಲಿಗೆ ನಿಂತು ನೋಡಿ. ಗಿರಾಕಿ ಬಾಯಿ ತೆರೆಯುವ ಮೊದಲೇ ಗಲ್ಲೆಯ ಮೇಲೆ ಕೂತವನು ಭಾಷೆ ಆರಿಸಿಕೊಂಡಿರುತ್ತಾನೆ. ಒಬ್ಬರಿಗೆ "ಏನ್ ಬೇಕ್ರೀ ಯಪ್ಪಾ", ಇನ್ನೊಬ್ಬರಿಗೆ "ಏಂ ಗಾವಾಲೆ", ಮತ್ತೊಬ್ಬರಿಗೆ "ಕ್ಯಾ ಹೋನಾ". ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿನ ಊರು ಇದು. ಮರಾಠಿಯ ಗಿರಾಕಿ ಬಂದರೆ ನಾಲ್ಕನೆಯ ಭಾಷೆಯೂ ಕೈಗೆಟುಕುವಷ್ಟು ದೂರದಲ್ಲೇ ಇರುತ್ತದೆ.

ಈ ಚತುರತೆಗೆ ಇತಿಹಾಸವಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್ ಜಿಲ್ಲೆಯಿಂದ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನದೇ ನ್ಯಾಲ್ಕಲ್ ಸರ್ಕಲ್, ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ಅವೇ ಊರುಗಳು ತೆಲಂಗಾಣದವಾದವು. 2016ರಲ್ಲಿ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿದವು. ಕಚೇರಿಯ ಬೋರ್ಡು ಇಷ್ಟು ಸಲ ಬದಲಾದರೂ ತಾಂಡೂರಿನ ಮಗ್ಗುಲಿಗೆ ಹರಿಯುವ ಕಾಗಿಣಾ ಮುಂದೆ ಮಳಖೇಡದ ಕೋಟೆಯ ಗೋಡೆಗೆ ತಾಗುವುದನ್ನು ಬಿಟ್ಟಿಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು ಅದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಎಲ್ಲೆ ಹಾಕಿದ ಗ್ರಂಥ ಹುಟ್ಟಿದ ಆಸ್ಥಾನದ ನೆಲ. ಆ ಎಲ್ಲೆಯ ಒಳಗೆ ಇದ್ದವರು ನಾವು. ಈಗ ಯಾರ ಎಲ್ಲೆಯ ಒಳಗೆ ಇದ್ದೇವೆ ಎಂಬುದನ್ನು ಎದುರಿಗೆ ನಿಂತವನ ಮುಖ ನೋಡಿ ತೀರ್ಮಾನಿಸುತ್ತೇವೆ.

ಆ ಅಂಗಡಿಯವನು ನೋಡುವುದೇನನ್ನು? ಮೂಗಿನ ಉದ್ದವನ್ನಲ್ಲ, ಗದ್ದದ ಆಕಾರವನ್ನೂ ಅಲ್ಲ. ಹಣೆಯ ಮೇಲೆ ವಿಭೂತಿಯ ಮೂರು ಗೆರೆ ಇದೆಯೇ, ಕುಂಕುಮ ಇದೆಯೇ, ತಲೆಗೆ ರುಮಾಲೋ ಟೋಪಿಯೋ, ಸೆರಗು ಇಳಕಲ್ಲಿನದೋ ಪೋಚಂಪಲ್ಲಿಯದೋ, ತಾಂಡಾದಿಂದ ಬಂದ ಹೆಣ್ಣುಮಗಳ ತೋಳಲ್ಲಿ ಬಿಳಿ ಬಳೆಗಳಿವೆಯೋ ಇಲ್ಲವೋ. ಎಲ್ಲವೂ ಮನುಷ್ಯ ತಾನಾಗಿ ಇಟ್ಟುಕೊಂಡದ್ದು, ಉಟ್ಟುಕೊಂಡದ್ದು. ಲೆಕ್ಕ ತಪ್ಪುವುದೂ ಉಂಟು. ವಿಭೂತಿ ಹಚ್ಚಿದ ಗೌಡರು ಅಚ್ಚ ತೆಲುಗಿನಲ್ಲಿ ಉತ್ತರ ಕೊಡುತ್ತಾರೆ. ಟೋಪಿ ಹಾಕಿದ ಚಾಚಾ ನನಗಿಂತ ಚೊಕ್ಕ ಕನ್ನಡದಲ್ಲಿ ಬೆಲ್ಲದ ಭಾವ ಕೇಳುತ್ತಾರೆ. ಅಂಗಡಿಯವನು ತಕ್ಷಣ ಭಾಷೆ ಬದಲಿಸುತ್ತಾನೆ. ಯಾರೂ ನೊಂದುಕೊಳ್ಳುವುದಿಲ್ಲ. ತಪ್ಪಿದ ಗಳಿಗೆಯಲ್ಲೇ ತಿದ್ದಿಕೊಳ್ಳುವ ಈ ಮುಖಜ್ಞಾನವನ್ನು ನೆನಪಿಟ್ಟುಕೊಳ್ಳಿ. ಇನ್ನು ಸ್ವಲ್ಪ ಹೊತ್ತಿಗೆ ನಾವು ನೋಡಲಿರುವ ದೊಡ್ಡ ವಿದ್ವಾಂಸರಿಗೆ ತಿದ್ದಿಕೊಳ್ಳುವ ಈ ಗುಣ ಇರಲಿಲ್ಲ.

ಮೊದಲು ನಮ್ಮ ಮಾತುಗಳನ್ನು ನೋಡೋಣ. ಮೈಸೂರು ಕಡೆಯವರು ಮಾರಿ ಎಂದರೆ ಬೆಚ್ಚುತ್ತಾರೆ. ಅವರಿಗೆ ಅದು ದೇವಿ, ಇಲ್ಲವೇ ಪೀಡೆ. ನಮಗೆ ಬೆಳಗ್ಗೆದ್ದು ತೊಳೆದುಕೊಳ್ಳುವುದೇ ಮಾರಿ. ಮುಖ ಎನ್ನುವುದು ಕಾಗದದ ಮೇಲೆ, ಹಿರಿಯರ ಮುಂದೆ. ಮಾರಿ ಮನೆಯದು. ಮೋರೆ ಸಿಟ್ಟಿನದು. ಮೂತಿ ಎಂದರೆ ಮಗುವಿನ ಮೇಲೆ ಮುದ್ದು, ದೊಡ್ಡವರ ಮೇಲೆ ಅಣಕ. ಮುಸುಡಿ ಎಂದರೆ ಜಗಳ ಶುರುವಾಯಿತು ಎಂದರ್ಥ. ಉರ್ದುವಿನಿಂದ ಬಂದ ಶಕಲ್ಲು ಇದೆ: "ಶಕಲ್ ನೋಡು ಇವಂದು" ಎಂದರೆ ಯಾರೂ ಶಕಲ್ಲನ್ನು ಹೊಗಳುತ್ತಿಲ್ಲ. ಗಡಿ ದಾಟಿದರೆ ಇವೇ ಮಾತುಗಳು ಮರ್ಯಾದೆ ಬದಲಿಸುತ್ತವೆ. ತೆಲುಗಿನಲ್ಲಿ ಮೂತಿ ಎಂದರೆ ಬರೀ ಬಾಯಿ. ತೆಲುಗು ಮನೆಯಿಂದ ಬಂದ ಸೊಸೆ ಊಟವಾದ ಮಗುವಿಗೆ "ಮೂತಿ ತುಡುಚುಕೋ" ಎಂದರೆ, ಕನ್ನಡದ ಅತ್ತೆಗೆ ಕೂಸನ್ನು ಬೈದಂತೆ ಕೇಳುತ್ತದೆ. ನಮ್ಮ ಮೋರೆ ತೆಲುಗಿನಲ್ಲಿ ಮೋರ ಆಗಿ ದನಕರುಗಳಿಗೆ ಹೋಗುತ್ತದೆ. ಎತ್ತು ಮೋರ ಎತ್ತುತ್ತದೆ. ಕಿಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟು ಈ ಮಾತುಗಳನ್ನು ಸಾಲಾಗಿ ಕೊಡುತ್ತದೆ. ಅವುಗಳ ನಡುವಿನ ಮೇಲು ಕೀಳು ಕಿವಿಗೆ ಸಿಗುವುದು ಇಂಥ ಮನೆಗಳ ಪಡಸಾಲೆಯಲ್ಲಿ.

ಇವುಗಳಿಗಿಂತ ಹೆಚ್ಚು ಕೆಲಸ ಮಾಡುವುದು ಇವುಗಳ ಜೊತೆ ಬರುವ ಕ್ರಿಯೆ. ಮಾರಿ ಸಣ್ಣ ಮಾಡುವುದು, ಮಾರಿ ಉಬ್ಬಿಸುವುದು, ಮಾರಿ ತಿರುವುವುದು, ಮಾರಿ ಗಂಟು ಹಾಕುವುದು, ಮಾರಿ ಎತ್ತದೆ ಕೂರುವುದು. "ಯಾವ ಮಾರಿ ಇಟ್ಕೊಂಡು ಅವರ ಮನೀಗೆ ಹೋಗ್ಲಿ?" ಎಂದು ಕೇಳುವುದು. ಇವುಗಳಲ್ಲಿ ಒಂದೂ ಹುಟ್ಟಿನಿಂದ ಬಂದ ಗುಣ ಹೇಳುವುದಿಲ್ಲ. ಉಬ್ಬಿದ ಮಾರಿ ಸಂಜೆಯ ಹೊತ್ತಿಗೆ ಇಳಿಯುತ್ತದೆ. ಸಣ್ಣಗಾದ ಮಾರಿ ಒಂದು ಫೋನ್ ಬಂದರೆ ಅರಳುತ್ತದೆ. ಇವಕ್ಕೆಲ್ಲ ಎದುರಿಗೆ ಇನ್ನೊಬ್ಬರು ಬೇಕು. ಒಬ್ಬನೇ ಹೊಲದಲ್ಲಿ ನಿಂತವನು ಯಾರಿಗೆ ಮಾರಿ ತಿರುವಬೇಕು? ಸ್ವಭಾವವನ್ನೇ ಹೇಳುವ ಮಾತು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಹಸನ್ಮುಖಿ ಇದ್ದಾಳೆ, ಸಿಡುಕು ಮೋರೆಯವ ಇದ್ದಾನೆ. ಗೋಮುಖವ್ಯಾಘ್ರನೂ ಇದ್ದಾನೆ, ಆದರೆ ಅವನಂತೂ ಮುಖವನ್ನು ನಂಬಬೇಡ ಎಂದು ಹೇಳುವುದಕ್ಕೇ ಹುಟ್ಟಿದವನು.

ನನಗೆ ಬಹಳ ಪ್ರೀತಿಯ ಮಾತು ಅಬ್ರು. "ಮಂದ್ಯಾಗ ಅಬ್ರು ಕಳೀಬ್ಯಾಡ" ಎಂದು ನಮ್ಮ ತಾಯಂದಿರು ಹೇಳುತ್ತಾರಲ್ಲ, ಆ ಅಬ್ರು. ಮಾನ, ಮರ್ಯಾದೆ ಎಂಬ ಅರ್ಥದಲ್ಲಿ ಉತ್ತರ ಕರ್ನಾಟಕದುದ್ದಕ್ಕೂ ಓಡಾಡುವ ಈ ಶಬ್ದವನ್ನು ಬಿಡಿಸಿದರೆ ಫಾರಸಿಯ ಎರಡು ತುಂಡು ಸಿಗುತ್ತವೆ. ಆಬ್ ಎಂದರೆ ನೀರು, ಹೊಳಪು. ಪಂಜಾಬಿನಲ್ಲಿರುವ ಆಬ್ ಅದೇ. ರೂ ಎಂದರೆ ಮುಖ. ಮುಖದ ಮೇಲಿನ ನೀರು ಅಬ್ರು. ನಮ್ಮ ಅಜ್ಜಿಯರು ಫಾರಸಿ ಓದಿದವರಲ್ಲ. ಆದರೂ ಅವರು ಮಾನಕ್ಕೆ ಕೊಟ್ಟ ಇನ್ನೊಂದು ಮಾತನ್ನು ನೋಡಿ: "ಮಾರಿ ಮ್ಯಾಲ ಕಳಾ ಉಳಿಲಿಲ್ಲ." ಹೊಳಪು ಎಂಬುದೇ ಎರಡು ಕಡೆಯೂ. ಮರ್ಯಾದೆ ಮನುಷ್ಯನ ಎದೆಯೊಳಗೆ ಭದ್ರವಾಗಿ ಇಟ್ಟ ವಸ್ತುವಲ್ಲ, ಮುಖದ ಮೇಲೆ ತೆರೆದು ನಿಂತದ್ದು, ನಾಲ್ಕು ಜನ ಸೇರಿ ಆರಿಸಿಬಿಡಬಹುದಾದದ್ದು ಎಂಬ ಅನುಭವ ಈ ಮಾತಿನಲ್ಲಿದೆ. ಅದಕ್ಕೇ ಅಬ್ರು ಹೋಯಿತು ಎನ್ನುವವನ ಸಂಕಟ ಅಷ್ಟು ಬಯಲಿನದು.

ಇದರ ತಮ್ಮ ರೂಬರೂ. ಮುಖಕ್ಕೆ ಮುಖ ಕೊಟ್ಟು. ಹಳೆಯ ಖರೀದಿ ಪತ್ರಗಳಲ್ಲಿ ಸಾಕ್ಷಿಗಳ ರೂಬರೂ ಹಣ ಕೊಟ್ಟದ್ದಾಗಿ ಬರೆಸುತ್ತಿದ್ದರು. ಈಗಲೂ ಹೊಲದ ಬದುವಿನ ತಕರಾರು ಬಂದರೆ "ಫೋನ್‌ನ್ಯಾಗ ಬ್ಯಾಡ, ರೂಬ್ರೂ ಬಾ" ಎನ್ನುವ ಹಿರಿಯರು ಇದ್ದಾರೆ. ಯಾಕೆ? ಮುಖದ ಎದುರು ಸುಳ್ಳು ಹೇಳುವುದು ಕಷ್ಟ ಎಂದೇ? ಅಷ್ಟೇ ಅಲ್ಲ. ಮುಖದ ಎದುರು ಇಲ್ಲ ಎನ್ನುವುದೂ ಕಷ್ಟ.

ಇಲ್ಲಿಗೆ ಬಂದಾಗ ನಮ್ಮ ಮೂರೂ ಊರಿನ ಭಾಷೆಗಳು ಒಂದೇ ಕಟ್ಟೆಯ ಮೇಲೆ ಕೂರುತ್ತವೆ. ಕನ್ನಡದಲ್ಲಿ ಮುಖದಾಕ್ಷಿಣ್ಯ. ಮರಾಠಿಯಿಂದ ನಮಗೆ ಬಂದದ್ದು ಭಿಡೆ. ತೆಲುಗಿನಲ್ಲಿ ಮೊಹಮಾಟಂ, ಹಳೆಯ ರೂಪ ಮೊಗಮಾಟ, ಒಳಗೆ ನಮ್ಮದೇ ಮೊಗ ಕೂತಿದೆ. ಸೋದರಮಾವನ ಮಗ ಬ್ಯಾಂಕಿನ ಸಾಲಕ್ಕೆ ಜಾಮೀನು ಹಾಕು ಎಂದು ಮನೆ ಬಾಗಿಲಿಗೆ ಬಂದ. ಹಾಕಬಾರದು ಎಂದು ಗೊತ್ತು. ಹೆಂಡತಿ ಒಳಗಿಂದ ಕೆಮ್ಮಿ ಸೂಚನೆ ಕೊಟ್ಟಳು. ಆದರೂ ಸಹಿ ಬಿತ್ತು. "ಮಾರಿ ನೋಡಿ ಇಲ್ಲ ಅನ್ಲಾಕ ಬರ್ಲಿಲ್ಲ." ಈ ವಾಕ್ಯ ಕೇಳದ ಮನೆ ಈ ಸಭೆಯಲ್ಲಿ ಇದ್ದರೆ ಅವರು ಪುಣ್ಯವಂತರು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಒಳ್ಳೆಯದಾಯಿತು. ಆದರೆ ಅಡತಿ ಅಂಗಡಿಯಲ್ಲಿ ಉದ್ರಿ ನಡೆಯುವುದು ಇಂದಿಗೂ ಮಾರಿ ನೋಡಿ. ಹಾಗೆಂದರೆ ರೈತನ ಮುಖದಲ್ಲಿ ಪ್ರಾಮಾಣಿಕತೆಯ ಗೆರೆ ಹುಡುಕುವುದಲ್ಲ. ಈ ಮುಖ ಮುಂದಿನ ಸುಗ್ಗಿಗೂ ಇದೇ ಅಂಗಡಿಗೆ ಬರಬೇಕು, ಇದೇ ಕಟ್ಟೆಯ ಮೇಲೆ ಚಹಾ ಕುಡಿಯಬೇಕು ಎಂಬ ಲೆಕ್ಕ ಅದು. ಎದುರಿನವನ ಮುಖ ನನ್ನ ಮೇಲೆ ಒಂದು ಹಕ್ಕು ಚಲಾಯಿಸುತ್ತದೆ. ಭಿಡೆ ಎಂದರೆ ಆ ಹಕ್ಕು. ಅದು ನಮ್ಮನ್ನು ಸಾಲದಲ್ಲಿ ಮುಳುಗಿಸಿದ್ದೂ ಉಂಟು, ಜಗಳದಿಂದ ಉಳಿಸಿದ್ದೂ ಉಂಟು.

ಈಗ ಇಂಗ್ಲಿಷಿಗೆ ಬರುತ್ತೇನೆ.

ಫೇಸ್ ಎಂಬುದು ಲ್ಯಾಟಿನ್ನಿನಿಂದ ಫ್ರೆಂಚ್ ಮೂಲಕ ಬಂದ ಮಾತು. ಮೂಲದಲ್ಲಿ ಆಕಾರ, ತೋರಿಕೆ. ವಿಸೇಜ್ ಎಂದರೆ ಕಣ್ಣಿಗೆ ಬಿದ್ದದ್ದು; ಅದು ಈಗ ಕಾವ್ಯಗಳಲ್ಲಿ, ದೆವ್ವದ ಕಥೆಗಳಲ್ಲಿ ಉಳಿದಿದೆ. ಮಗ್ ಎಂಬುದು ತಮಾಷೆಯ ಹೆಸರು. ವಿಕಾರ ಮುಖಗಳ ಆಕಾರದಲ್ಲಿ ಮಾಡುತ್ತಿದ್ದ ಕುಡಿಯುವ ಪಾತ್ರೆಗಳಿಂದ ಬಂದಿರಬೇಕೆಂದು ಹೇಳುತ್ತಾರೆ. ಪೊಲೀಸರ ಮಗ್ ಶಾಟ್ ಅದರ ಮೊಮ್ಮಗ. ಇವನ್ನು ಬೇಗ ದಾಟೋಣ. ನಿಲ್ಲಬೇಕಾದದ್ದು ಕೌಂಟೆನೆನ್ಸ್ ಎಂಬ ಮಾತಿನ ಹತ್ತಿರ. ಅದರ ಬೇರಿನಲ್ಲಿ ಇರುವುದು ಹಿಡಿದಿಟ್ಟುಕೊಳ್ಳುವುದು, ಸಂಯಮ. ಹಳೆಯ ಫ್ರೆಂಚಿನಲ್ಲಿ ಅದು ನಡವಳಿಕೆ. ಇಂಗ್ಲಿಷಿಗೆ ಬಂದ ಹೊಸದರಲ್ಲೂ ನಡವಳಿಕೆಯೇ. ಆಮೇಲೆ ಆ ನಡವಳಿಕೆ ಕಾಣಿಸುವ ಜಾಗವೇ ಆ ಹೆಸರು ಹೊತ್ತುಕೊಂಡಿತು. ನಗು ತಡೆದುಕೊಂಡು ಗಂಭೀರವಾಗಿರುವುದಕ್ಕೆ ಇಂದಿಗೂ ಕೌಂಟೆನೆನ್ಸ್ ಕಾಯ್ದುಕೊಳ್ಳುವುದು ಎನ್ನುತ್ತಾರೆ. ಇದೇ ಮಾತು ಕ್ರಿಯೆಯಾದಾಗ ಒಬ್ಬರ ಕೆಲಸಕ್ಕೆ ಸಮ್ಮತಿ ಕೊಡು, ಬೆಂಬಲ ತೋರು ಎಂದಾಗುತ್ತದೆ. ಅಂದರೆ ಅವನಿಗೆ ನಿನ್ನ ಮುಖ ಕೊಡು. ನಮ್ಮ ಅಡತಿ ಅಂಗಡಿಯವನಿಗೆ ಈ ಇಂಗ್ಲಿಷ್ ತಟ್ಟನೆ ಅರ್ಥವಾಗುತ್ತದೆ. ಹೀಗಾಗಿ ಮುಖವನ್ನು ನಡತೆಯಾಗಿ ಕಾಣುವುದು ನಮಗೊಬ್ಬರಿಗೇ ಗೊತ್ತಿದ್ದ ವಿದ್ಯೆ ಎಂದು ಬೀಗುವ ಕಾರಣವಿಲ್ಲ. ಇಂಗ್ಲಿಷಿಗೂ ಅದು ಗೊತ್ತಿತ್ತು.

ಆಮೇಲೆ ಏನೋ ಆಯಿತು. ಫಿಸಿಯಾಗ್ನಮಿ ಎಂಬ ಗ್ರೀಕ್ ಮೂಲದ ಮಾತಿನ ಒಳಗೇ ಸ್ವಭಾವದ ತೀರ್ಪು ಇದೆ. ಫಿಸಿಸ್ ಎಂದರೆ ಸ್ವಭಾವ, ಗ್ನೋಮೋನ್ ಎಂದರೆ ತೀರ್ಪುಗಾರ. ಸ್ವಿಟ್ಜರ್ಲೆಂಡಿನ ಪಾದ್ರಿ ಯೋಹಾನ್ ಕಾಸ್ಪರ್ ಲಾವಾಟರ್ 1775ರಿಂದ 1778ರವರೆಗೆ ನಾಲ್ಕು ದೊಡ್ಡ ಸಂಪುಟಗಳಲ್ಲಿ ಇದನ್ನು ಶಾಸ್ತ್ರ ಮಾಡಲು ಹೊರಟ. ಯುರೋಪಿನ ಬೈಠಕ್‌ಖಾನೆಗಳಲ್ಲಿ ಅವನ ಪುಸ್ತಕ ಪಂಚಾಂಗದ ಮರ್ಯಾದೆ ಪಡೆಯಿತು. ಲಿಕ್ಟೆನ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ, ತಾನೇ ಗೂನು ಬೆನ್ನಿನವನು, ಇದನ್ನು ಗೇಲಿ ಮಾಡಿ ಬರೆದ. ಜನ ಗೇಲಿ ಓದಿ ನಕ್ಕು, ಲಾವಾಟರನನ್ನೇ ಕೊಂಡರು. 1831ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಜೊತೆಗೆ ಕರೆದೊಯ್ಯಲು ಒಬ್ಬ ತರುಣನನ್ನು ಹುಡುಕುತ್ತಿದ್ದ. ಬಂದ ತರುಣನ ಮೂಗು ನೋಡಿ ಅವನಿಗೆ ಅನುಮಾನ: ಇಂಥ ಮೂಗಿನವನಿಗೆ ಅಷ್ಟು ದೂರದ ಪ್ರಯಾಣಕ್ಕೆ ಬೇಕಾದ ಛಲ ಇರಲು ಸಾಧ್ಯವೇ? ಆ ತರುಣ ಚಾರ್ಲ್ಸ್ ಡಾರ್ವಿನ್. ಆತ್ಮಕಥೆಯಲ್ಲಿ ಅವನೇ ಈ ಪ್ರಸಂಗ ಹೇಳಿಕೊಂಡಿದ್ದಾನೆ. ಒಂದು ಮೂಗಿನ ದೆಸೆಯಿಂದ ಜೀವವಿಜ್ಞಾನ ಕೆಲವು ದಶಕ ಹಿಂದೆ ಉಳಿಯುವುದು ಸ್ವಲ್ಪದರಲ್ಲಿ ತಪ್ಪಿತು.

ಈ ಗಾಳಿ ಬೀಸಿದ ಕಾಲದ ಕಸ ಇಂಗ್ಲಿಷಿನ ಶಬ್ದಗಳಲ್ಲಿ ಇನ್ನೂ ಇದೆ. ಹೈಬ್ರೋ ಎಂದರೆ ಎತ್ತರದ ಹಣೆಯವನು, ಬುದ್ಧಿಜೀವಿ. ಲೋಬ್ರೋ ಎಂದರೆ ಕೆಳಮಟ್ಟದ ರುಚಿಯವನು. ತಲೆಬುರುಡೆ ತಡವಿ ಬುದ್ಧಿ ಹೇಳುತ್ತಿದ್ದ ಶಾಸ್ತ್ರ ಸತ್ತುಹೋಯಿತು, ಶಬ್ದ ಮಾತ್ರ ಪತ್ರಿಕೆಗಳ ಪುರವಣಿಯಲ್ಲಿ ಆರಾಮಾಗಿದೆ. ಸೂಪರ್ಸಿಲಿಯಸ್ ಎಂದರೆ ಉದ್ಧಟ. ಲ್ಯಾಟಿನ್ನಿನಲ್ಲಿ ಅದರ ಮೂಲ ಹುಬ್ಬು. ಹುಬ್ಬೇರಿಸುವುದು ನಮ್ಮಲ್ಲಿ ಅಚ್ಚರಿ, ಹೆಚ್ಚೆಂದರೆ ಅನುಮಾನ. ಸ್ನಾಯು ಒಂದೇ, ತೀರ್ಪು ಬೇರೆ. ಚೀಕ್, ಅಂದರೆ ಕೆನ್ನೆ, ಇಂಗ್ಲಿಷಿನಲ್ಲಿ ಅಧಿಕಪ್ರಸಂಗ. ನಮ್ಮಲ್ಲಿ ಗಲ್ಲ ಚಿವುಟುವುದಕ್ಕೆ ಇದೆ, ಇಲ್ಲವೇ ಹೊಡೆಸಿಕೊಳ್ಳುವುದಕ್ಕೆ. ಹಣೆಯ ವಿಷಯದಲ್ಲಿ ದಾರಿ ಪೂರ್ತಿ ಕವಲೊಡೆಯುತ್ತದೆ. ಇಂಗ್ಲಿಷ್ ಹಣೆಯ ಮೇಲೆ ಅವನದೇ ಬುದ್ಧಿಯ ಅಳತೆ ಇದೆ. ನಮ್ಮ ಹಣೆಯ ಮೇಲೆ ಬ್ರಹ್ಮ ಬರೆದದ್ದು ಇದೆ, ಉರ್ದುವಿನ ಪೇಶಾನಿಯ ಮೇಲೂ ಹಾಗೆಯೇ. ಅದನ್ನು ಓದಲು ನಮಗೂ ಬರುವುದಿಲ್ಲ. ಹಣೆಬರಹದ ಮೇಲೆ ಭಾರ ಹಾಕಿ ಸೋಮಾರಿಗಳಾಗಿದ್ದೇವೆ ಎಂಬ ಬೈಗುಳ ನಮಗೆ ಸಲ್ಲುತ್ತದೆ. ಆದರೆ ಒಬ್ಬನ ಹಣೆ ಚಿಕ್ಕದು, ಅದಕ್ಕೇ ಅವನು ದಡ್ಡ ಎಂದು ಶಾಲೆಯಿಂದ ಕಳಿಸುವ ಅಧಿಕಾರ ಹಣೆಬರಹ ಕೊಡುವುದಿಲ್ಲ.

ಈ ಶಾಸ್ತ್ರ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಹರ್ಬರ್ಟ್ ರಿಸ್ಲಿ ಎಂಬ ಅಧಿಕಾರಿ ಬಂಗಾಳದಲ್ಲಿ ಜನರ ಮೂಗಿನ ಉದ್ದ ಅಗಲ ಅಳೆಸಿ, ಮೂಗು ಅಗಲವಾದಷ್ಟೂ ಜಾತಿಯ ಮೆಟ್ಟಿಲು ಕೆಳಗೆ ಎಂಬ ಸೂತ್ರ ಕಟ್ಟಿದ. ಅವನ ಪುಸ್ತಕಗಳು ಹೊರಬಂದದ್ದು 1891ರಲ್ಲಿ. 1901ರ ಜನಗಣತಿಗೆ ಅವನೇ ಕಮಿಷನರ್. ಮದರಾಸಿನ ಮ್ಯೂಸಿಯಮ್ಮಿನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಅಲ್ಲಿಗೆ ಬಂದವರ ಮೂಗಿಗೂ ಅಳತೆಯ ಇಕ್ಕಳ ಹಚ್ಚಿದ. ಮುಖದ ಮೇಲಿನ ತೀರ್ಪು ಬೈಠಕ್‌ಖಾನೆಯಲ್ಲಿ ಇದ್ದಷ್ಟು ದಿನ ಚೇಷ್ಟೆ. ಸರ್ಕಾರಿ ರಿಜಿಸ್ಟರಿಗೆ ಇಳಿದ ಮೇಲೆ ಅದು ಒಂದು ಸಮುದಾಯದ ಹಣೆಗೆ ಹಚ್ಚುವ ಸೀಲು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿದ ಕಾಲವೂ ಇದೇ. ಹುಟ್ಟಿನಲ್ಲೇ ಗುಣ ಕಾಣುವವರಿಗೆ ಕೂಸಿನಲ್ಲೇ ಕಳ್ಳನನ್ನು ಕಾಣುವುದು ಕಷ್ಟವಾಗಲಿಲ್ಲ.

ಹಾಗಂತ ಎಲ್ಲ ಪಾಪವನ್ನೂ ಸಾಹೇಬರ ತಲೆಗೆ ಕಟ್ಟಲು ನಾನು ಇಲ್ಲಿ ನಿಂತಿಲ್ಲ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಗಂಡಸಿನ ಲಕ್ಷಣಗಳಿಗೊಂದು, ಹೆಂಗಸಿನ ಲಕ್ಷಣಗಳಿಗೊಂದು ಅಧ್ಯಾಯ ಬರೆದ. ಸಾಮುದ್ರಿಕದ ಅಗ್ಗದ ಪುಸ್ತಕಗಳು ಬಸ್ ಸ್ಟ್ಯಾಂಡಿನಲ್ಲಿ ಮೂರೂ ಭಾಷೆಯಲ್ಲಿ ಸಿಗುತ್ತವೆ. ಮತ್ತು ಹೆಣ್ಣು ನೋಡುವ ಶಾಸ್ತ್ರ. ಅಲ್ಲಿ ನಮ್ಮ ಕ್ರಿಯೆಗಳೆಲ್ಲ ಮಾಯವಾಗಿ ಅಳತೆಗಳು ಬಂದು ಕೂರುತ್ತವೆ. "ಹುಡಗಿ ಲಕ್ಷಣ ಅದಾಳ, ಬಣ್ಣ ತುಸು ಕಮ್ಮಿ." ಈ ಒಂದು ವಾಕ್ಯಕ್ಕೆ ವರದಕ್ಷಿಣೆಯಲ್ಲಿ ಎಷ್ಟು ತೊಲೆ ಬಂಗಾರ ಹೆಚ್ಚು ಕೂಡಿದೆ ಎಂದು ಹೆಣ್ಣು ಹೆತ್ತವರಿಗೆ ಗೊತ್ತು. ತಲೆ ಬಗ್ಗಿಸಿ ಚಹಾದ ತಟ್ಟೆ ಹಿಡಿದು ಬಂದ ಹುಡುಗಿ ಆ ಅರ್ಧ ಗಂಟೆ ಮಾರಿ ಉಬ್ಬಿಸುವಂತಿಲ್ಲ, ತಿರುವುವಂತಿಲ್ಲ. ಎದುರಿನವರ ಮೇಲೆ ಅವಳ ಮುಖಕ್ಕೆ ಯಾವ ಹಕ್ಕೂ ಇಲ್ಲ. ನೋಡುವವರಿಗೆ ಭಿಡೆಯೂ ಇಲ್ಲ. ರಿಸ್ಲಿಯ ಇಕ್ಕಳಕ್ಕೂ ಈ ಪಡಸಾಲೆಗೂ ನನಗೆ ದೊಡ್ಡ ಅಂತರ ಕಾಣುವುದಿಲ್ಲ. "ಮುಖ ನೋಡಿ ಮಣೆ ಹಾಕು" ಎಂಬ ಗಾದೆಯೂ ನಮ್ಮದೇ. ಅದನ್ನು ನಾವು ಆಡುವುದು ದೂರುವುದಕ್ಕೆ. ಆದರೆ ಮಣೆ ಹಾಕುವ ಕೈ ನಿಂತಿಲ್ಲ.

ಚಹರೆ ಎಂ‌ಬ ಮಾತಿನ ಕಥೆ ಇದಕ್ಕಿಂತ ಕುತೂಹಲದ್ದು. ಅಕ್ಬರನ ಸೈನ್ಯದಲ್ಲಿ ದಾಗ್ ಮತ್ತು ಚೆಹ್ರಾ ಎಂಬ ಪದ್ಧತಿ ಇತ್ತು. ಕುದುರೆಗೆ ಕಾಸಿ ಒತ್ತುವ ಮುದ್ರೆ ದಾಗ್. ಸವಾರನ ರೂಪ ಗುರುತುಗಳನ್ನು ಬರೆದಿಡುವ ಪಟ್ಟಿ ಚೆಹ್ರಾ. ಸಂಬಳ ಎಣಿಸುವ ದಿನ ಬಾಡಿಗೆ ಮನುಷ್ಯನನ್ನು ತಂದು ನಿಲ್ಲಿಸಬಾರದಲ್ಲ, ಅದಕ್ಕೆ. ಆ ಪಟ್ಟಿಗೆ ಸವಾರ ಶೂರನೋ ಪುಕ್ಕಲನೋ ಎಂಬ ಚಿಂತೆ ಇರಲಿಲ್ಲ. ಇವನು ಅವನೇ ಹೌದೋ ಎಂಬುದಷ್ಟೇ ಬೇಕಿತ್ತು. ಆ ದಫ್ತರದ ಮಾತು ಇಂದು ಕನ್ನಡ ಪತ್ರಿಕೆಗಳ ಕಾಣೆಯಾದವರ ಪ್ರಕಟಣೆಯಲ್ಲಿ ಉಳಿದಿದೆ. ಚಹರೆ ಗುರುತು: ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೆನ್ನೆಯ ಮೇಲೆ ಮಚ್ಚೆ. ಕೊನೆಗೆ ಒಂದು ಸಾಲು, ಮಾತನಾಡುವ ಭಾಷೆಗಳು. ಬೀದರ್, ಕಲಬುರಗಿ ಕಡೆಯ ಪ್ರಕಟಣೆಗಳಲ್ಲಿ ಆ ಸಾಲು ಉದ್ದವಾಗಿರುತ್ತದೆ. ಕಳೆದುಹೋದ ಮನುಷ್ಯನ ಸ್ವಭಾವದ ಬಗ್ಗೆ ಒಂದಕ್ಷರ ಇರುವುದಿಲ್ಲ. ಪೊಲೀಸರ ಭಾಷೆಯನ್ನು ಹೊಗಳುವ ಸಂದರ್ಭ ನನಗೆ ಹೆಚ್ಚು ಸಿಗುವುದಿಲ್ಲ. ಇದೊಂದು ಕಡೆ ಹೊಗಳುತ್ತೇನೆ. ಮುಖವನ್ನು ಇಷ್ಟು ನಿಷ್ಠುರವಾಗಿ ಬರೀ ಮುಖವೆಂದು ನೋಡಿದ ಕನ್ನಡ ಗದ್ಯ ಅಪರೂಪ.

ಈಗ ಆ ಪಟ್ಟಿ ಯಂತ್ರಕ್ಕೆ ಹೋಗಿದೆ. ಪಿಂಚಣಿದಾರರು ಬದುಕಿದ್ದೇವೆಂದು ತೋರಿಸಲು 2021ರಿಂದ ಮುಖ ತೋರಿಸಿದರೆ ಸಾಕು. ಪಿಎಂ ಕಿಸಾನ್ ಹಣಕ್ಕೆ 2023ರಿಂದ ರೈತನ ಮುಖವನ್ನೇ ಗುರುತಿಸುವ ವ್ಯವಸ್ಥೆ ಬಂತು. ಫೋನ್ ಮುಂದೆ ಕಣ್ಣು ಮಿಟುಕಿಸು ಎಂದು ಅದು ಕೇಳುತ್ತದೆ. ತೆಲಂಗಾಣದಲ್ಲೇ 2020ರ ಜನವರಿಯ ಪುರಸಭೆ ಚುನಾವಣೆಯಲ್ಲಿ ಹೈದರಾಬಾದ್ ಹತ್ತಿರದ ಕೊಂಪಳ್ಳಿಯ ಕೆಲವು ಮತಗಟ್ಟೆಗಳಲ್ಲಿ ಮತದಾರರ ಮುಖವನ್ನು ಯಂತ್ರಕ್ಕೆ ತೋರಿಸಿ ಪ್ರಯೋಗ ಮಾಡಿದರು. ಇವನು ಅವನೇ ಹೌದೋ ಎಂದು ಕೇಳುವವರೆಗೆ ಇದು ಅಕ್ಬರನ ಚೆಹ್ರಾ. ಅಲ್ಲೇ ನಿಲ್ಲುತ್ತದೆ ಎಂಬ ಭರವಸೆ ನನಗಿಲ್ಲ. 2016ರಲ್ಲಿ ಶಾಂಘೈನ ಇಬ್ಬರು ಸಂಶೋಧಕರು ಬರೀ ಫೋಟೋ ನೋಡಿ ಅಪರಾಧಿ ಯಾರೆಂದು ಕಂಪ್ಯೂಟರ್ ಹೇಳಬಲ್ಲದು ಎಂಬ ಪ್ರಬಂಧ ಹೊರಹಾಕಿದರು. ಜಗತ್ತಿನ ಹಲವೆಡೆಯಿಂದ ವಿಜ್ಞಾನಿಗಳು ಮೈಮೇಲೆ ಬಿದ್ದರು, ಸರಿಯೇ. ಆದರೆ ಲಾವಾಟರ್ ಸತ್ತ 215 ವರ್ಷದ ಮೇಲೆ ಅವನಿಗೊಂದು ಪುನರ್ಜನ್ಮದ ಆಸೆ ಹುಟ್ಟಿತ್ತು.

ಯಂತ್ರವನ್ನು ಬೈಯುವ ಮೊದಲು ಒಂದು ಸಂಗತಿ. ಆಗ ಪ್ರಿನ್ಸ್‌ಟನ್ನಿನಲ್ಲಿದ್ದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಮೆರಿಕದ ಸೆನೆಟ್ ಅಭ್ಯರ್ಥಿಗಳ ಫೋಟೋ ಜೋಡಿಗಳನ್ನು ಅವರ ಪರಿಚಯವಿಲ್ಲದವರಿಗೆ ತೋರಿಸಿ, ಯಾರು ಹೆಚ್ಚು ಸಮರ್ಥ ಕಾಣುತ್ತಾರೆ ಎಂದು ಕೇಳಿದರು. ನೂರಕ್ಕೆ ಸುಮಾರು 70 ಸಲ ಜನ ಬೆರಳು ತೋರಿಸಿದವರೇ ಗೆದ್ದಿದ್ದರು. ಮರುವರ್ಷದ ಇನ್ನೊಂದು ಪ್ರಯೋಗದಲ್ಲಿ ಮುಖದ ಬಗ್ಗೆ ಮನಸ್ಸಿನಲ್ಲಿ ತೀರ್ಪು ಕೂರಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು ಎಂದು ಕಂಡಿತು. ಗೆದ್ದವರು ನಿಜವಾಗಿ ಸಮರ್ಥರೇ ಎಂಬುದು ಬೇರೆ ಮಾತು, ಅದನ್ನು ಆ ಪ್ರಯೋಗ ಹೇಳುವುದಿಲ್ಲ. ಮತ ಹಾಕುವ ನಾವೆಲ್ಲ ಒಳಗೊಳಗೆ ಲಾವಾಟರನ ಶಿಷ್ಯರೇ ಎಂಬುದನ್ನು ಮಾತ್ರ ಹೇಳುತ್ತದೆ. ನಮ್ಮ ಗೋಡೆಗಳ ಮೇಲೆ ಫ್ಲೆಕ್ಸುಗಳು ಯಾಕೆ ಅಷ್ಟು ದೊಡ್ಡವು, ಅವುಗಳಲ್ಲಿ ಯೋಜನೆಯ ಅಕ್ಷರ ಯಾಕೆ ಅಷ್ಟು ಚಿಕ್ಕದು ಎಂಬುದಕ್ಕೆ ಇದು ಉತ್ತರವಾಗಬಹುದು.

ಈ ಕಾಯಿಲೆಗೆ ನಮ್ಮ ಸೀಮೆಯಲ್ಲಿ ಒಂದು ಹಳೆಯ ಔಷಧ ಇತ್ತು: ಹಗಲುವೇಷ. ತೆಲುಗಿನಲ್ಲಿ ಪಗಟಿ ವೇಷಂ, ಉರ್ದುವಿನವರಿಗೆ ಬಹುರೂಪಿಯಾ, ಮರಾಠಿಯವರಿಗೆ ಬಹುರೂಪಿ. ಬುಡ್ಗ ಜಂಗಮರ ಮೇಳ ಊರಿಗೆ ಬಂದರೆ ಒಂದು ದಿನ ರಾಮ ಲಕ್ಷ್ಮಣ, ಇನ್ನೊಂದು ದಿನ ಸೇಠ, ಮತ್ತೊಂದು ದಿನ ಪೊಲೀಸ್ ಅಮೀನ. ರಂಗದ ಪರದೆ ಇಲ್ಲ, ರಾತ್ರಿಯ ದೀಪ ಇಲ್ಲ. ಹಾಡುಹಗಲು, ನಮ್ಮದೇ ಕಟ್ಟೆಯ ಮುಂದೆ. ನಿನ್ನೆ ಅಮೀನನಾಗಿ ಗದರಿಸಿದವನು ಇಂದು ಬಣ್ಣ ತೊಳೆದು ಜೋಳ ಕೇಳಲು ಅದೇ ಬಾಗಿಲಿಗೆ ಬರುತ್ತಾನೆ. ನಿನ್ನೆ ಅವನ ಮೀಸೆಗೆ ಹೆದರಿ ಎದ್ದು ನಿಂತ ಗೌಡರು ಇಂದು ಮೊರದಲ್ಲಿ ಜೋಳ ಹಾಕುತ್ತ ನಗುತ್ತಾರೆ. ಮುಖ ಮಾಡಿಕೊಳ್ಳುವಂಥದ್ದು ಎಂದು ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು. ಕನ್ನಡ, ತೆಲುಗು, ದಖನಿ ಮೂರರಲ್ಲೂ ಮಾತು ಹೊಡೆಯಬಲ್ಲ ಆ ಕಲಾವಿದರ ಮಕ್ಕಳು ಈಗ ಬೇರೆ ಕೆಲಸಗಳಿಗೆ ಹೋಗಿದ್ದಾರೆ, ಹೋಗಬೇಕಾದದ್ದೇ. ಆದರೆ ಉಳಿದಿರುವ ಹಿರಿಯರನ್ನು ನಮ್ಮ ಸಂಘಗಳು ವರ್ಷಕ್ಕೊಮ್ಮೆ ವೇದಿಕೆ ಹತ್ತಿಸಿ ಶಾಲು ಹೊದಿಸುವುದಕ್ಕಿಂತ, ಶಾಲೆಯ ಅಂಗಳಕ್ಕೆ ಕರೆಸಿ ಸಂಭಾವನೆ ಕೊಟ್ಟು ವೇಷ ಕಟ್ಟಿಸುವುದು ಮೇಲು.

ಸಭೆಯಲ್ಲಿ ಇಂಗ್ಲಿಷ್ ಮೇಷ್ಟ್ರುಗಳು ಕೂತಿದ್ದೀರಿ, ನಿಮಗೂ ಒಂದು ಕೋರಿಕೆ. ನನ್ನ ಗೆಳೆಯ ಎಂಬ ಪ್ರಬಂಧದಲ್ಲಿ ನಮ್ಮ ಮಕ್ಕಳು ಗೈಡ್ ನೋಡಿ ಬರೆಯುತ್ತಾರೆ: ಅವನಿಗೆ ಅಗಲ ಹಣೆ ಇದೆ, ಆದ್ದರಿಂದ ಬುದ್ಧಿವಂತ; ಹೊಳೆಯುವ ಕಣ್ಣುಗಳಿವೆ, ಆದ್ದರಿಂದ ಪ್ರಾಮಾಣಿಕ. ಆ ಆದ್ದರಿಂದ ಎಂಬುದಕ್ಕೆ ಕೆಂಪು ಗೆರೆ ಹಾಕಿ. ಗೆಳೆಯ ಮಾರಿ ಉಬ್ಬಿಸಿಕೊಂಡದ್ದು ಯಾವಾಗ, ಯಾರ ಮೇಲೆ, ಎಷ್ಟು ಹೊತ್ತಿಗೆ ಇಳಿಯಿತು ಎಂದು ಕೇಳಿ, ಅದನ್ನು ಇಂಗ್ಲಿಷಿನಲ್ಲಿ ಬರೆಸಿ. ತಡವರಿಸುತ್ತಾರೆ. ಕ್ರಿಯಾಪದ ತಪ್ಪುತ್ತಾರೆ. ಆದರೆ ಬರೆದದ್ದು ಅವರ ಗೆಳೆಯನ ಬಗ್ಗೆ ಇರುತ್ತದೆ, ಗೈಡಿನ ಗೆಳೆಯನ ಬಗ್ಗೆ ಅಲ್ಲ.

ಸಮಯ ಮೀರಿದೆ ಎಂದು ಅಧ್ಯಕ್ಷರು ಬಾಯಿಂದ ಹೇಳುತ್ತಿಲ್ಲ, ಅವರ ಮಾರಿ ಹೇಳುತ್ತಿದೆ. ಕೇಳುವುದಿದ್ದರೆ ಕೇಳಿ; ಕನ್ನಡ, ತೆಲುಗು, ಉರ್ದು ಯಾವುದರಲ್ಲಾದರೂ ನಡೆಯುತ್ತದೆ. ಹಿರಿಯ ಅಂತ ಭಿಡೆ ಇಟ್ಕೋಬ್ಯಾಡ್ರಿ.